ಬಡ್ಡಿ ನೋಡುವ ಮೊದಲು ಸಾಲಗಾರನನ್ನು ನೋಡೋಣ

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯ ಶಿಕ್ಷಣ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಇಪ್ಪತ್ತೈದು ವರ್ಷ ಸಾಲ ಕೊಟ್ಟು, ವಸೂಲಿ ಮಾಡಿ ಪಳಗಿದ ಸಂಘ ನಮ್ಮದು. ಬಾಂಡ್ ಫಂಡ್ ಎಂಬ ಹೆಸರು ಹೊಸದಾದರೂ ಅದರೊಳಗಿನ ವ್ಯವಹಾರ ನಮಗೆ ಹೊಸದಲ್ಲ. ಬಾಂಡ್ ಅಂದ್ರೆ ಸಾಲಪತ್ರ. ಇಷ್ಟು ವರ್ಷಕ್ಕೆ ಇಷ್ಟು ಬಡ್ಡಿ ಕೊಡುತ್ತೇವೆ ಎಂದು ಸರ್ಕಾರವೋ ಕಂಪನಿಯೋ ಬರೆದುಕೊಡುವ ಪತ್ರ. ಬಹಳ ಜನರ ದುಡ್ಡು ಕೂಡಿಸಿ ಇಂಥ ಪತ್ರಗಳನ್ನು ಕೊಳ್ಳುವುದೇ ಬಾಂಡ್ ಫಂಡ್. ಅದರಲ್ಲಿ ಹಣ ಹಾಕಿದವರು ಠೇವಣಿದಾರರಲ್ಲ, ಸಾಲ ಕೊಟ್ಟವರ ಪಾಲುದಾರರು. ಲಾಭವೂ ಅವರದೇ, ನಷ್ಟವೂ ಅವರದೇ.

"ಎಫ್.ಡಿ.ಗಿಂತ ಒಂದೆರಡು ಪರ್ಸೆಂಟ್ ಜಾಸ್ತಿ ಬರುತ್ತಂತೆ, ಹಾಕಬಹುದಾ?" ಎಂದು ಸದಸ್ಯರು ಕೇಳುತ್ತಾರೆ. ಹಾಕಲೇಬೇಡಿ ಅಂತ ನಾವು ಹೇಳುವುದಿಲ್ಲ. ಆ ಹೆಚ್ಚಿನ ಬಡ್ಡಿ ಯಾತಕ್ಕೆ ಕೊಡುತ್ತಾರೆ ಎಂದು ತಿಳಿದು ಹಾಕಿ ಅನ್ನುತ್ತೇವೆ.

ಮೊದಲನೆಯದು, ಬಡ್ಡಿ ದರದ ಏರಿಳಿತ. ಶೇ. 7 ಬಡ್ಡಿಯ, 10 ವರ್ಷದ, 100 ರೂಪಾಯಿ ಬಾಂಡ್ ಇದೆ ಅನ್ನೋಣ. ನಾಳೆ ಅಂಥದೇ ಹೊಸ ಬಾಂಡ್ ಶೇ. 8ಕ್ಕೆ ಸಿಕ್ಕರೆ ಹಳೆಯದನ್ನು 100 ಕೊಟ್ಟು ಯಾರು ಕೊಳ್ಳುತ್ತಾರೆ? ಅದರ ಬೆಲೆ ಸುಮಾರು 93ಕ್ಕೆ ಇಳಿಯುತ್ತದೆ. ಅದೇ ಒಂದು ವರ್ಷದ ಬಾಂಡಾದರೆ 99ಕ್ಕೆ ನಿಲ್ಲುತ್ತದೆ. ಅವಧಿ ಉದ್ದವಾದಷ್ಟೂ ಏಟು ಜೋರು. ದರ ಇಳಿದಾಗ ಇದೇ ಲೆಕ್ಕ ತಿರುಗಿ ಲಾಭವಾಗುತ್ತದೆ. ರಿಸರ್ವ್ ಬ್ಯಾಂಕ್ 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ ದರವನ್ನು ಶೇ. 4ರಿಂದ 6.5ಕ್ಕೆ ಏರಿಸಿತು. ಸರ್ಕಾರಿ ಬಾಂಡಿನಲ್ಲಿ ಅಸಲಿಗೆ ಭಯವಿಲ್ಲ ನಿಜ, ಆದರೆ ಮಧ್ಯದಲ್ಲಿ ಮಾರಿದರೆ ಈ ಏಟು ಅದಕ್ಕೂ ಉಂಟು.

ಎರಡನೆಯದು, ಸಾಲಗಾರನ ಯೋಗ್ಯತೆ. ಕೈಬಿಗಿಯಿದ್ದವನೇ ಹೆಚ್ಚು ಬಡ್ಡಿಗೆ ಒಪ್ಪುವುದು. ಇದು ನಮ್ಮೂರಲ್ಲೂ ಸತ್ಯ, ಮುಂಬಯಿಯಲ್ಲೂ ಸತ್ಯ. 2018ರಲ್ಲಿ ಐಎಲ್ ಅಂಡ್ ಎಫ್ಎಸ್ ಸಾಲ ತೀರಿಸದೆ ಕೈಚೆಲ್ಲಿತು. ಅದಕ್ಕೆ ಮೊದಲು ರೇಟಿಂಗ್ ಸಂಸ್ಥೆಗಳು ಅದಕ್ಕೆ ಮೇಲ್ದರ್ಜೆಯನ್ನೇ ಕೊಟ್ಟಿದ್ದವು. ಕ್ರೆಡಿಟ್ ರಿಸ್ಕ್ ಎಂಬ ಹೆಸರಿನ ಫಂಡುಗಳಂತೂ ಕನಿಷ್ಠ ಶೇ. 65 ಹಣವನ್ನು ಎಎ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯ ಪತ್ರಗಳಲ್ಲಿ ಹಾಕುವಂಥವು. ಹೆಸರಿನಲ್ಲೇ ಎಚ್ಚರಿಕೆ ಇದೆ, ಓದಿಕೊಳ್ಳಬೇಕು.

ಮೂರನೆಯದು, ಬೇಕಾದಾಗ ಹಣ ಕೈಗೆ ಸಿಗುವುದು. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ತನ್ನ ಆರು ಸಾಲಪತ್ರ ಯೋಜನೆಗಳನ್ನು ಮುಚ್ಚಿತು. ಸುಮಾರು 25 ಸಾವಿರ ಕೋಟಿ ರೂಪಾಯಿ ಒಳಗೆ ಸಿಕ್ಕಿಕೊಂಡಿತು. 2021ರ ಫೆಬ್ರವರಿಯಿಂದ ಕಂತುಕಂತಾಗಿ ಹಣ ವಾಪಸು ಬಂತು, ನಿಜ. ಆದರೆ ಮುಂಗಾರಿನ ಬಿತ್ತನೆ ಕಂತಿಗೆ ಕಾಯುವುದಿಲ್ಲ, ಮಗಳ ಮದುವೆ ಮುಹೂರ್ತವೂ ಕಾಯುವುದಿಲ್ಲ.

ಇನ್ನು ಭದ್ರತೆಯ ಮಾತು. ಬ್ಯಾಂಕ್ ಠೇವಣಿಗೆ 2020ರ ಫೆಬ್ರವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂ.ವರೆಗೆ ವಿಮೆ ಇದೆ. ಬಾಂಡ್ ಫಂಡಿಗೆ ಅದಿಲ್ಲ. ಮುಚ್ಚಿಡುವುದೇಕೆ, ನಮ್ಮಂಥ ಪ್ರಾಥಮಿಕ ಸಹಕಾರ ಸಂಘದ ಠೇವಣಿಗೂ ಆ ವಿಮೆ ಇಲ್ಲ. ಆದ್ದರಿಂದ ಫಂಡಿನವರನ್ನು ಕೇಳುವ ಪ್ರಶ್ನೆಯನ್ನು ನಮ್ಮನ್ನೂ ಕೇಳಿ: ಸಾಲ ಯಾರಿಗೆ ಹೋಗಿದೆ? ಸುಸ್ತಿ ಎಷ್ಟಿದೆ? ಮಹಾಸಭೆಯಲ್ಲಿ ಲೆಕ್ಕಪತ್ರ ಓದುವಾಗ ಊಟದ ಕಡೆ ನೋಡಬೇಡಿ, ಲೆಕ್ಕದ ಕಡೆ ನೋಡಿ!

ಕೊನೆಗೆ ನಮ್ಮ ಸಲಹೆ ಇಷ್ಟೇ. ಈ ವರ್ಷ ಬೇಕಾಗುವ ಬೇಸಾಯದ, ಆಸ್ಪತ್ರೆಯ, ಶಾಲೆಯ ಹಣ ಬ್ಯಾಂಕಿನಲ್ಲೇ ಇರಲಿ. ಮೂರ್ನಾಲ್ಕು ವರ್ಷ ಮುಟ್ಟದ ಹಣವಿದ್ದರೆ ಒಂದು ಭಾಗವನ್ನು ಕಡಿಮೆ ಅವಧಿಯ, ಒಳ್ಳೆ ದರ್ಜೆಯ ಪತ್ರಗಳ ಫಂಡಿನಲ್ಲಿ ಹಾಕಬಹುದು. ಅದಕ್ಕೆ ಮೊದಲು ಖರ್ಚು ಎಷ್ಟು ಹಿಡಿಯುತ್ತಾರೆ ಕೇಳಿ. 2023ರ ಏಪ್ರಿಲ್ 1ರಿಂದ ಹಾಕಿದ ಹಣಕ್ಕೆ ಹಿಂದಿನ ತೆರಿಗೆ ಅನುಕೂಲವೂ ಇಲ್ಲ. ಎಲ್ಲ ಕಳೆದು ಕೈಗೆ ಉಳಿಯುವುದು ಎಫ್.ಡಿ.ಗಿಂತ ಅರ್ಧ ಪರ್ಸೆಂಟ್ ಮಾತ್ರ ಹೆಚ್ಚು ಅಂತಾದರೆ, ಆ ಅರ್ಧ ಪರ್ಸೆಂಟಿಗೆ ನಿಮ್ಮ ನಿದ್ದೆ ಮಾರಬೇಕೇ ಎಂದು ಮನೆಯವರೆಲ್ಲ ಕೂತು ಯೋಚಿಸಿ.