ಬಾಕಿ ಉಳಿದ ಆರು ಕಾರು

ಹಳೇ ರೇಸ್ ಕಾರನ್ನ ಇವತ್ತ ಹೊಸದಾಗಿ ಕಟ್ಟಿದ್ರ ಅದು ಅಸಲಿಯೋ, ನಕಲಿಯೋ?

1963ರಲ್ಲಿ ಇಂಗ್ಲೆಂಡಿನ ಜಾಗ್ವಾರ್ ಕಂಪನಿ ‘ಲೈಟ್‌ವೇಟ್ ಇ-ಟೈಪ್’ ರೇಸ್ ಕಾರಿಗೆ 18 ಚಾಸಿ ನಂಬರ್ ತೆಗೆದಿಟ್ಟಿತ್ತು. ತಯಾರಾದದ್ದು 12 ಮಾತ್ರ. ಬಾಕಿ 6 ಕಾರು ಕಟ್ತೀವಿ ಅಂತ 2014ರಲ್ಲಿ ಹೇಳಿದ್ರು. ಅಷ್ಟೊತ್ತಿಗೆ ಕಂಪನಿ ಟಾಟಾದವರ ಕೈಗೆ ಬಂದಿತ್ತು. ಹಳೇ ಕಾರನ್ನೇ ಸ್ಕ್ಯಾನ್ ಮಾಡಿ ಅಳತಿ ತಗೊಂಡ್ರು. ಬಾಡಿ ಮೊದಲಿನಂಗ ಅಲ್ಯೂಮಿನಿಯಂದು.

ನಮ್ಮ ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿ ನೋಡ್ರಿ. ನಿನ್ನೆ ಹೊಲಿದದ್ದಾದ್ರೂ ಅಸಲಿ. ಯಾಕಂದ್ರ ಚರ್ಮ, ಹೊಲಿಗಿ, ಪದ್ಧತಿ ಹಳೇದು. ಬೆಳಗಾವಿ ಜಿಲ್ಲೆಗೂ ಅದರ ಜಿಐ ಮಾನ್ಯತೆ ಐತಿ. ಅದೇ ಆಕಾರದ ಪ್ಲಾಸ್ಟಿಕ್ ಚಪ್ಪಲಿ ನಕಲಿ.

ಹಂಗಾಗಿ ಆ ಆರೂ ಕಾರು ನನ್ನ ಲೆಕ್ಕದಾಗ ಅಸಲಿನ. ಆದ್ರ ಸ್ಕ್ಯಾನ್‌ನಾಗ ಆಕಾರ ಅಷ್ಟ ಸಿಗ್ತೈತಿ. ಹೊಲಿಯೋ ಕೈ ನಿಂತ್ರ ನಮ್ಮ ಚಪ್ಪಲಿ ಮತ್ತ ಹುಟ್ಟೂದಿಲ್ಲ.