ಕೂಲಿಕಾರರ ಹಕ್ಕೂ ಕನ್ನಡದ ಕಾಗದವೂ
(ಬೆಂಗಳೂರಿನಲ್ಲಿ ಶಿಕ್ಷಕರ ಕೂಟವೊಂದರಲ್ಲಿ ಮಾಡಿದ ಭಾಷಣ)



ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದಾಗಬೇಕೆಂದು ನಮ್ಮ ಹಿರಿಯರು ಕೇಳಿದ್ದು ಬರಿಯ ನಕಾಶೆಗಾಗಿ ಅಲ್ಲ. ಪ್ರಜೆಯ ಬಾಳನ್ನು ನಿರ್ಣಯಿಸುವ ಕಾಗದ ಪ್ರಜೆಗೆ ತಿಳಿಯುವ ನುಡಿಯಲ್ಲಿರಬೇಕೆಂಬ ಹಂಬಲವೂ ಅದರಲ್ಲಿತ್ತು. 1956ರಲ್ಲಿ ನಾಡು ಕೂಡಿತು. 1963ರಲ್ಲಿ ರಾಜಭಾಷೆಯ ಕಾಯಿದೆಯಾಯಿತು. ಕಚೇರಿಗೆ ಬಂದ ಕನ್ನಡವು ಕಾರಖಾನೆಯ ಒಳಗೆ ಎಷ್ಟು ಹೆಜ್ಜೆ ನಡೆದಿರುವದೆಂಬುದೇ ನಮ್ಮ ಇಂದಿನ ವಿಷಯ.

ಈ ಊರಿನ ಕಾರಖಾನೆಗಳ ಚರಿತ್ರೆಯನ್ನು ನೀವು ಬಲ್ಲಿರಿ. 1884ರಲ್ಲಿ ಹುಟ್ಟಿ ಬಿನ್ನಿ ಗಿರಣಿಯೆಂದು ಹೆಸರಾದ ನೂಲಿನ ಗಿರಣಿ ಇಂದು ಇಲ್ಲ. ಮಲ್ಲೇಶ್ವರದಲ್ಲಿ ರಾಜಾ ಮಿಲ್ಲು ಇದ್ದ ನೆಲದ ಮೇಲೆ ಈಗ ಅಂಗಡಿಗಳ ಅರಮನೆ ನಿಂತಿದೆ. 1940ರಲ್ಲಿ ವಿಮಾನದ ಕಾರಖಾನೆ, 1948ರಲ್ಲಿ ದೂರವಾಣಿಯದು, 1953ರಲ್ಲಿ ಎಚ್.ಎಂ.ಟಿ. ಬಂದವು. ಸರಕಾರಿ ಒಡೆತನದ ಈ ಉದ್ಯಮಗಳ ಕಾರ್ಮಿಕರಿಗೆ ಸಂಘವಿತ್ತು, ವಸತಿಯಿತ್ತು, ಅಕ್ಷರವಿತ್ತು. 1980ರ ಡಿಸೆಂಬರದಲ್ಲಿ ಅವರು ಹೂಡಿದ ಮುಷ್ಕರವು 77 ದಿನ ನಡೆಯಿತು. ಅದರ ಫಲಾಫಲದ ಚರ್ಚೆ ಇಲ್ಲಿ ಬೇಡ. ತಮಗೆ ಏನು ಬರತಕ್ಕದ್ದು ಎಂಬುದು ಮಾತ್ರ ಅವರಿಗೆ ಗೊತ್ತಿತ್ತು.

ಈಗ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳ ಸಿದ್ಧ ಉಡುಪಿನ ಕಾರಖಾನೆಗಳನ್ನು ನೋಡಿರಿ. ಹೊಲಿಗೆಯ ಯಂತ್ರದ ಮುಂದೆ ಕುಳಿತವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಹಳ್ಳಿಯಿಂದ ಬಂದವರು. ಇವರ ಪಗಾರದಲ್ಲಿ ಶೇಕಡಾ 12ರಷ್ಟು ಭವಿಷ್ಯ ನಿಧಿಗೆ ಮುರಿಯುವದು. ಯಜಮಾನರೂ ತಮ್ಮ ಪಾಲು ಕೂಡಿಸುವರು. ಬಡವರ ಮನೆಯಲ್ಲಿ ಅದು ಮುಪ್ಪಿನ ಹಣವಲ್ಲ. ಕೆಲಸ ಬಿಟ್ಟಾಗ ಮಗಳ ಮದುವೆಗೆ, ಮಗನ ಫೀಗೆ, ಸಾಲದ ಬಡ್ಡಿಗೆ ಒದಗುವ ಗಂಟು ಅದು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು, ಯಜಮಾನರ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯಕೂಡದೆಂದು ನಿಯಮ ಮಾಡಿತು. ಏಪ್ರಿಲ್ 18ರಂದು ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಅವರ ಹಿಂದೆ ದೊಡ್ಡ ಮುಂದಾಳುವಿರಲಿಲ್ಲ. ಮರುದಿನ ಊರು ಸ್ತಬ್ಧವಾಯಿತು, ಕಲ್ಲು ಬೆಂಕಿಗಳೂ ಕಂಡವು. ಅದನ್ನು ನಾವು ಮೆಚ್ಚಲಾರೆವು. ಅಂದೇ ಸರಕಾರವು ನಿಯಮವನ್ನು ಹಿಂತೆಗೆದುಕೊಂಡಿತು. ದಿಲ್ಲಿಯನ್ನು ಎರಡು ದಿನಗಳಲ್ಲಿ ಮಣಿಸಿದವರು ಸೂಜಿ ದಾರದ ಹೆಂಗಸರು!

ಆದರೂ ನಮ್ಮ ಮನಸ್ಸನ್ನು ಕೊರೆಯುವ ಸಂಗತಿ ಬೇರೆ. ತಮ್ಮ ಗಂಟಿನ ನಿಯಮ ಬದಲಾದುದನ್ನು ದುಡಿಯುವವರು ಬಾಯಿಂದ ಬಾಯಿಗೆ ಕೇಳಿ ತಿಳಿಯಬೇಕೇ? ಕಾರಖಾನೆಯ ಪ್ರಕಟಣೆಗಳು ಇಂಗ್ಲಿಷಿನಲ್ಲಿಯೂ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಇರತಕ್ಕದ್ದೆಂದು 1948ರ ಕಾರಖಾನೆಗಳ ಕಾಯಿದೆಯೇ ವಿಧಿಸಿತ್ತು. ವಿಧಿ ಪುಸ್ತಕದಲ್ಲಿತ್ತು. ಗೋಡೆಯ ಮೇಲೆ ಎಷ್ಟು ಕಡೆ ಇತ್ತೆಂದು ನಿಮ್ಮ ನೆರೆಯ ಹೆಣ್ಣುಮಗಳನ್ನು ಕೇಳಿರಿ.

ಈಗ 29 ಹಳೆಯ ಕಾಯಿದೆಗಳ ಸ್ಥಾನದಲ್ಲಿ 4 ಸಂಹಿತೆಗಳು 2025ರ ನವೆಂಬರ 21ರಿಂದ ಜಾರಿಗೆ ಬಂದಿವೆ. ಕೆಲಸಕ್ಕೆ ಸೇರಿದವರಿಗೆ ನೇಮಕದ ಪತ್ರ ಕೊಡಬೇಕೆಂಬುದು ಅವುಗಳ ಒಂದು ಕಟ್ಟಳೆ. ಒಳ್ಳೆಯದೇ. ಆದರೆ ಓದಲಾರದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಯಾರ ರಕ್ಷಣೆಗೆ? ಪಗಾರದ ಚೀಟಿಯಲ್ಲಿ ಮೂಲ ವೇತನ, ತುಟ್ಟಿ ಭತ್ಯೆ, ಹೆಚ್ಚಿನ ವೇಳೆಯ ಕೂಲಿ, ಮುರಿದ ಹಣ ಇವೆಲ್ಲ ಕನ್ನಡದಲ್ಲಿ ಅಚ್ಚಾಗಬೇಕು. ಒಡಿಶಾ, ಝಾರಖಂಡಗಳಿಂದ ಬಂದು ಅದೇ ಸಾಲಿನಲ್ಲಿ ಹೊಲಿಯುವ ಹುಡುಗಿಯರಿಗೆ ಅವರ ನುಡಿಯಲ್ಲಿಯೂ ಸಿಗಲಿ. ನಾವು ನಮಗೆ ಕೇಳುವ ನ್ಯಾಯವನ್ನು ಅವರಿಗೆ ಇಲ್ಲವೆನ್ನಲಾರೆವು.

ಶಿಕ್ಷಕ ಬಂಧುಗಳೇ, ನಿಮ್ಮ ತರಗತಿಯ ಅನೇಕ ಮಕ್ಕಳ ತಾಯಂದಿರು ಈ ಕಾರಖಾನೆಗಳಲ್ಲಿದ್ದಾರೆ. ಭಾನುವಾರ ಒಂದು ತಾಸು ಶಾಲೆಯ ಬಾಗಿಲು ತೆರೆಯಿರಿ. ಪಗಾರದ ಚೀಟಿ ತರಹೇಳಿರಿ. ಕರೀಹಲಗೆಯ ಮೇಲೆ ಅದನ್ನು ಕನ್ನಡದಲ್ಲಿ ಬರೆದು ಲೆಕ್ಕ ಕೂಡಿಸಿ ತೋರಿಸಿರಿ. ಮುಂದಿನ ತಿಂಗಳು ಇಂಥ ಚೀಟಿಗಳ ಒಂದು ಮಾದರಿಯನ್ನು ನಾವೇ ಸಿದ್ಧಪಡಿಸಿ ನಿಮಗೆ ಕಳಿಸುವೆವು.