ನಮ್ಮ ನೆಲದಿಂದ ಆಕಾಶಕ್ಕೆ
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಉರ್ದು, ಕನ್ನಡ ಕಲಿಸುವವನು. ಎರಡು ವರ್ಷದ ಹಿಂದೆ ವಿಜ್ಞಾನ ಶಿಕ್ಷಕರು ರಜೆಯಲ್ಲಿದ್ದ ದಿನ ಎಂಟನೇ ತರಗತಿಗೆ ಹೋಗಿ ಕರಿಹಲಗೆಯ ಮೇಲೆ ಬರೆದೆ: 1903, ರೈಟ್ ಸಹೋದರರ ವಿಮಾನ, 1957, ಸ್ಪುಟ್ನಿಕ್, 1961, ಗಗಾರಿನ್, 1969, ಚಂದ್ರನ ಮೇಲೆ ಮಾನವ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಇದರಲ್ಲಿ ನಮ್ಮ ಕಡೆಯದು ಒಂದೂ ಇಲ್ಲವಾ?" ಎಂದಳು. ಅಂದು ನನಗೆ ಉತ್ತರ ಹೊಳೆಯಲಿಲ್ಲ. ಇಂದು ಹೇಳುತ್ತೇನೆ.

ನಮ್ಮ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಹೈದರ್ ಮತ್ತು ಟಿಪ್ಪುವಿನ ಸೈನ್ಯದಲ್ಲಿ ರಾಕೆಟ್ ಪಡೆಯಿತ್ತು. ಬಿದಿರು, ಕಾಗದದ ಕೊಳವೆಯ ಬದಲು ಅವರು ಕಬ್ಬಿಣದ ಕೊಳವೆಗೆ ಮದ್ದು ತುಂಬಿದರು. ಕಬ್ಬಿಣ ಹೆಚ್ಚು ಒತ್ತಡ ತಾಳುವುದರಿಂದ ರಾಕೆಟ್ ಹೆಚ್ಚು ದೂರ ಹಾರಿತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಆಂಗ್ಲರು ಅದರ ಬಿಸಿ ಕಂಡರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಅವುಗಳ ಜಾಡು ಹಿಡಿದು ಪರೀಕ್ಷಿಸಿ, ಅಳೆದು, ಹೊಸ ರಾಕೆಟ್ ಮಾಡಿದ. ನಮ್ಮಲ್ಲಿ ಆ ಕಸುಬು ಮುಂದುವರಿಯಲಿಲ್ಲ. 1963ರಲ್ಲಿ ತರಬೇತಿಗೆಂದು ಅಮೆರಿಕದ ನಾಸಾಕ್ಕೆ ಹೋದ ಅಬ್ದುಲ್ ಕಲಾಂ ಅಲ್ಲಿನ ಗೋಡೆಯ ಮೇಲೆ ಟಿಪ್ಪು ಸೈನ್ಯದ ರಾಕೆಟ್ ಚಿತ್ರ ಕಂಡರು. ನಾವು ಮರೆತದ್ದನ್ನು ಅವರು ನೆನಪಿಟ್ಟಿದ್ದರು!

ಇನ್ನೊಂದು ಮೈಲಿಗಲ್ಲು ಕೆ.ಜಿ.ಎಫ್.ನ ನೆಲದಡಿಯಲ್ಲಿದೆ. ಆಕಾಶದಿಂದ ಬರುವ ವಿಶ್ವಕಿರಣಗಳು ನಮ್ಮ ವಾತಾವರಣಕ್ಕೆ ಬಡಿದಾಗ ನ್ಯೂಟ್ರಿನೊ ಎಂಬ ಕಣಗಳು ಹುಟ್ಟುತ್ತವೆ. ಅವು ಇಡೀ ಭೂಮಿಯನ್ನೇ ತೂರಿ ಹೋಗಬಲ್ಲವು. ಬೇರೆ ಕಣಗಳ ಗದ್ದಲದಲ್ಲಿ ಅವನ್ನು ಗುರುತಿಸುವುದು ಕಷ್ಟ. ಆದ್ದರಿಂದ ಗದ್ದಲವನ್ನು ಬಂಡೆ ತಡೆಯುವಷ್ಟು ಆಳಕ್ಕೆ ಇಳಿಯಬೇಕು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳೊಂದಿಗೆ ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, 1965ರಲ್ಲಿ ಈ ನ್ಯೂಟ್ರಿನೊಗಳನ್ನು ಪತ್ತೆ ಹಚ್ಚಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಗಣಿಯಲ್ಲೂ ಅವು ಸಿಕ್ಕವು. ಪ್ರಪಂಚದಲ್ಲೇ ಮೊದಲು ಈ ಎರಡು ಕಡೆ! ಆ ತಂಡದ ಬಿ.ವಿ. ಶ್ರೀಕಂಠನ್ ನಮ್ಮ ನಂಜನಗೂಡಿನಲ್ಲಿ ಹುಟ್ಟಿದವರು. 2001ರಲ್ಲಿ ಚಿನ್ನದ ಗಣಿ ಮುಚ್ಚಿತು. ಇಂಥದೇ ನ್ಯೂಟ್ರಿನೊಗಳನ್ನು ಜಪಾನಿನ ಗಣಿಯೊಂದರಲ್ಲಿ ಅಧ್ಯಯನ ಮಾಡಿದ ತಕಾಕಿ ಕಜಿತಾ ಅವರಿಗೆ 2015ರಲ್ಲಿ ನೊಬೆಲ್ ಬಂತು.

ಬಂಧುಗಳೇ, ಕೊಳವೆ ಬಡಿದ ಕಮ್ಮಾರನ ಹೆಸರು ನಮಗೆ ಗೊತ್ತಿಲ್ಲ. ಗಣಿ ತೋಡಿ ದಾರಿ ಮಾಡಿಕೊಟ್ಟ ಕಾರ್ಮಿಕರ ಹೆಸರೂ ವಿಜ್ಞಾನದ ಪುಸ್ತಕದಲ್ಲಿಲ್ಲ. ದುಡಿಮೆ ನಮ್ಮ ಹಿರಿಯರದಾಗಿತ್ತು. ಹೆಸರು ಉಳಿದದ್ದು ಓದಿ ಬರೆದವರದು.

ಆ ಹುಡುಗಿ ಈಗ ಹತ್ತನೇ ತರಗತಿಯಲ್ಲಿದ್ದಾಳೆ. "ಪಿ.ಯು.ಸಿ.ಯಲ್ಲಿ ವಿಜ್ಞಾನ ನಮ್ಮಂಥವರಿಗಲ್ಲ, ಮಾಸ್ಟ್ರೇ" ಎನ್ನುತ್ತಾರೆ ಅವಳ ಅಬ್ಬಾ. ಖರ್ಚು, ದೂರ, ಉರ್ದು ಮಾಧ್ಯಮದ ಮಕ್ಕಳಿಗೆ ಇಂಗ್ಲಿಷಿನ ಭಯ, ಎಲ್ಲವೂ ನನಗೆ ಗೊತ್ತು. ನಾನೂ ಅದೇ ಬೆಂಚಿನಿಂದ ಬಂದವನು. ಆದರೆ ಮಾರಿಕುಪ್ಪಂ ರೈಲಿನಲ್ಲಿ ನಾವು ದುಡಿಯಲು ಹೋಗುವ ಬೆಂಗಳೂರಿನಿಂದಲೇ 2023ರಲ್ಲಿ ಚಂದ್ರಯಾನ-3ನ್ನು ಚಂದ್ರನ ಮೇಲೆ ಇಳಿಸಿದರು. ಅದೇ ರೈಲಿನಲ್ಲಿ ನಮ್ಮ ಮಕ್ಕಳು ಓದಲೂ ಹೋಗಲಿ. ಇಂಗ್ಲಿಷಿನ ಭಯ ಬಿಡಿಸಲು ಶನಿವಾರ ಮಧ್ಯಾಹ್ನ ನಾನು ಪಾಠ ಹೇಳುತ್ತೇನೆ. ಪುಸ್ತಕದ ಖರ್ಚಿಗೆ ಸಂಘದ ಹಿರಿಯರು ಕೈ ಜೋಡಿಸಬೇಕೆಂದು ವಿನಂತಿ.

ಆ ಹುಡುಗಿ ಇಂದು ಈ ಸಭೆಯಲ್ಲಿ ಕುಳಿತಿದ್ದಾಳೆ. ಮಗಳೇ, ನಿನ್ನ ಪ್ರಶ್ನೆಗೆ ಇದು ಅರ್ಧ ಉತ್ತರ. ಉಳಿದರ್ಧ ನೀನು ಓದಿ ಹೇಳಬೇಕು.